ಪುಣೆಯಲ್ಲಿ ಕ್ರಾಫ್ಟ್ ಬಿಯರ್: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸಕ್ಕೆಂದು ಪುಣೆಗೆ ಬಂದ ಕನ್ನಡಿಗರು ನಾಲ್ಕು ಜನ ಸೇರಿದ ಕಡೆ ಈ ಪ್ರಶ್ನೆಗಳು ಬಂದೇ ಬರುತ್ತವೆ. ಧಾರವಾಡ, ಬೆಳಗಾವಿ ಕಡೆಯವರು ಕೇಳುತ್ತಾರೆ. ಮಂಗಳೂರಿನವರು ಕೇಳುತ್ತಾರೆ. ಬೆಂಗಳೂರಿಂದ ವರ್ಗವಾಗಿ ಬಂದವರಂತೂ ಬಂದ ವಾರವೇ ಕೇಳುತ್ತಾರೆ. ನನ್ನ ಉತ್ತರಗಳೆಲ್ಲ ಒಂದೇ ನಂಬಿಕೆಯ ಮೇಲೆ ನಿಂತಿವೆ: ಬಿಯರ್ ಒಂದು ತಾಜಾ ಆಹಾರ. ಯಾವುದು ಕೊಳ್ಳಬೇಕು, ಎಲ್ಲಿ ಕುಡಿಯಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಎಲ್ಲವನ್ನೂ ಈ ಒಂದು ಮಾತಿನಿಂದಲೇ ನಿರ್ಧರಿಸಬಹುದು. ಕುಡಿಯದವರನ್ನು ಇದಕ್ಕೆ ಎಳೆಯುವ ಆಸೆ ನನಗಿಲ್ಲ. ಈಗಾಗಲೇ ಬಿಯರ್ ಕುಡಿಯುವವರು ಕಡಿಮೆ ಕುಡಿಯಲಿ, ಒಳ್ಳೆಯದನ್ನು ಕುಡಿಯಲಿ ಅನ್ನುವುದಷ್ಟೇ ಆಸೆ.

ಕ್ರಾಫ್ಟ್ ಬಿಯರ್ ಅಂದ್ರೆ ಏನು? ಬಾಟಲಿ ಬಿಯರ್‌ಗಿಂತ ಏನು ಬೇರೆ?

ಎರಡಕ್ಕೂ ಮೂಲ ಸಾಮಾನು ಒಂದೇ. ನೀರು, ಮಾಲ್ಟ್, ಹಾಪ್ಸ್, ಯೀಸ್ಟ್. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಅದನ್ನು ಒಡೆದು ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಇಟ್ಟರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ ಹಾಪ್ಸ್ ಹೂಗಳ ಜೊತೆ ಕುದಿಸುತ್ತಾರೆ. ಕಹಿ ಮತ್ತು ಘಮ ಬರುವುದು ಹಾಪ್ಸ್‌ನಿಂದ. ತಣ್ಣಗೆ ಮಾಡಿ ಯೀಸ್ಟ್ ಹಾಕಿದರೆ ಅದು ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಗ್ಯಾಸ್ ಬಿಡುತ್ತದೆ.

ದೊಡ್ಡ ಕಾರ್ಖಾನೆಗಳು ಅಕ್ಕಿ, ಮೆಕ್ಕೆಜೋಳ, ಸಕ್ಕರೆ ಸೇರಿಸಿ ಖರ್ಚು ಇಳಿಸುತ್ತವೆ, ರುಚಿಯನ್ನು ತೆಳುವಾಗಿಸುತ್ತವೆ. ಆಮೇಲೆ ಸೋಸಿ, ಬಿಸಿ ಮಾಡಿ ಪಾಶ್ಚರೀಕರಿಸಿ ತಿಂಗಳುಗಟ್ಟಲೆ ಕೆಡದ ಹಾಗೆ ಮಾಡುತ್ತವೆ. ಎಲ್ಲ ಊರಲ್ಲೂ, ಎಲ್ಲ ಕಾಲದಲ್ಲೂ ಒಂದೇ ರುಚಿ ಬರಬೇಕು ಅನ್ನುವುದು ಅವರ ಗುರಿ. ಅದೂ ಸುಲಭದ ಕೆಲಸವಲ್ಲ, ಅದನ್ನು ಹೀಗಳೆಯುವುದು ಬೇಡ. ಕ್ರಾಫ್ಟ್ ಬಿಯರ್ ಆಗುವುದು ಮೈಕ್ರೋಬ್ರೂವರಿಯಲ್ಲಿ, ಅಂದರೆ ಬಿಯರ್ ಮಾಡುವ ಪುಟ್ಟ ಘಟಕದಲ್ಲಿ, ಸಣ್ಣ ಪ್ರಮಾಣದಲ್ಲಿ. ಮಾಲ್ಟ್ ಜಾಸ್ತಿ ಹಾಕುತ್ತಾರೆ. ಹೆಚ್ಚಿನ ಕಡೆ ಸೋಸುವುದಿಲ್ಲ, ಪಾಶ್ಚರೀಕರಿಸುವುದಿಲ್ಲ. ಹಾಗಾಗಿ ರುಚಿ ದಟ್ಟ, ಬಾಳಿಕೆ ಕಡಿಮೆ.

ಪುಣೆಗೆ ಇದು ಬಂದದ್ದು ಯಾವಾಗ?

2009ರಲ್ಲಿ. ಊರಿನ ದಕ್ಷಿಣಕ್ಕಿರುವ ಕೊರಿಂಥಿಯನ್ಸ್ ಹೋಟೆಲಿನಲ್ಲಿ ಡೂಲಾಲಿ ಅನ್ನುವ ಮೈಕ್ರೋಬ್ರೂವರಿ ಶುರುವಾಯಿತು. ಮಹಾರಾಷ್ಟ್ರದಲ್ಲಿ ಈ ದಾರಿ ತೆರೆದವರು ಅವರು. ಆಮೇಲೆ ಕೋರೆಗಾಂವ್ ಪಾರ್ಕ್‌ನಲ್ಲಿ ಎಫಿಂಗಟ್, ಮುಂಢ್ವಾದಲ್ಲಿ ಇಂಡಿಪೆಂಡೆನ್ಸ್ ಬ್ರೂವಿಂಗ್ ಕಂಪನಿ ಬಂದವು. ಗ್ರೇಟ್ ಸ್ಟೇಟ್ ಏಲ್ ವರ್ಕ್ಸ್ ಕೂಡ ಪುಣೆಯದೇ. ಮುಂಬೈಯಲ್ಲಿ ಲೋವರ್ ಪರೇಲ್‌ನ ಬಾರ್ಕಿಂಗ್ ಡೀರ್ 2013ರ ಹೊತ್ತಿಗೆ ತನ್ನದೇ ಬಿಯರ್ ಕೊಡಲು ಶುರುಮಾಡಿತು. 2015ರಲ್ಲಿ ಡೂಲಾಲಿ ಅಂಧೇರಿಗೂ ಹೋಯಿತು. ಬೆಂಗಳೂರಿನ ಟಾಯ್ಟ್ ಇವತ್ತು ಪುಣೆಯ ಕಲ್ಯಾಣಿ ನಗರದಲ್ಲೂ ಇದೆ, ಊರಿನ ನೆನಪಾದವರು ಅಲ್ಲಿಗೆ ಹೋಗುತ್ತಾರೆ.

ಬೆಂಗಳೂರಿನಲ್ಲಿ ಕುಡಿದು ರೂಢಿ ಇದೆ. ಇಲ್ಲಿ ಏನು ವ್ಯತ್ಯಾಸ?

ಒಂದು ಮುಖ್ಯ ವ್ಯತ್ಯಾಸ ಇದೆ. ಬೆಂಗಳೂರಿನಲ್ಲಿ ಮೈಕ್ರೋಬ್ರೂವರಿ ಅಂದರೆ ಮಾಡಿದ ಜಾಗದಲ್ಲೇ ಬಡಿಸುವ ಜಾಗ. ಟ್ಯಾಂಕು ಕಣ್ಣೆದುರಿಗೇ ಇರುತ್ತದೆ. ಮಹಾರಾಷ್ಟ್ರದಲ್ಲಿ ಸಣ್ಣ ಬ್ರೂವರಿಗಳು ಕೆಗ್ ಅನ್ನುವ ಲೋಹದ ಪೀಪಾಯಿಗಳಲ್ಲಿ ತುಂಬಿ ಬೇರೆ ರೆಸ್ಟೋರೆಂಟುಗಳಿಗೂ ಕಳಿಸುತ್ತವೆ. ಹಾಗಾಗಿ ಇಲ್ಲಿ ಒಂದೂ ಟ್ಯಾಂಕು ಇಲ್ಲದ ಸಣ್ಣ ಹೋಟೆಲಿನಲ್ಲೂ ಮೂರು ನಾಲ್ಕು ಕ್ರಾಫ್ಟ್ ಬಿಯರಿನ ನಲ್ಲಿಗಳು ಕಾಣಬಹುದು.

ಇದರಿಂದ ಲಾಭವೂ ಇದೆ, ತೊಂದರೆಯೂ ಇದೆ. ಮನೆ ಹತ್ತಿರವೇ ಒಳ್ಳೆಯ ಬಿಯರ್ ಸಿಗುತ್ತದೆ, ಬಿಲ್ಲಿಗೆ ಹೆದರುತ್ತಾ ದೊಡ್ಡ ಜಾಗಕ್ಕೇ ಹೋಗಬೇಕಿಲ್ಲ. ಆದರೆ ಕೆಗ್ ಬಂದು ಎಷ್ಟು ದಿನವಾಯಿತು, ತಣ್ಣಗೆ ಇಟ್ಟಿದ್ದರಾ, ನಲ್ಲಿಗೆ ಬರುವ ಪೈಪನ್ನು ಸರಿಯಾಗಿ ತೊಳೆಯುತ್ತಾರಾ ಅನ್ನುವುದು ಆ ಹೋಟೆಲಿನವರ ಶ್ರದ್ಧೆಗೆ ಬಿಟ್ಟದ್ದು. ಬ್ರೂವರ್ ಎಷ್ಟೇ ಚೆನ್ನಾಗಿ ಮಾಡಿರಲಿ, ಕೊಳಕು ಪೈಪು ಅದನ್ನು ಹುಳಿ ಮಾಡುತ್ತದೆ. ಆದ್ದರಿಂದ ಮೊದಮೊದಲು ಟ್ಯಾಂಕು ಇರುವ ಜಾಗಕ್ಕೇ ಹೋಗಿ. ಅದರ ತಾಜಾ ರುಚಿ ಹೇಗಿರುತ್ತದೆ ಅಂತ ನಾಲಿಗೆಗೆ ಗೊತ್ತಾಗಲಿ. ಆಮೇಲೆ ಬೇರೆ ಕಡೆ ಕುಡಿದಾಗ ಹೋಲಿಸಲು ಒಂದು ಅಳತೆ ಇರುತ್ತದೆ.

ನನಗೆ ಬಿಯರ್ ಅಂದ್ರೆ ಬರೀ ಕಹಿ. ಮೊದಲು ಯಾವುದು ಕುಡಿಯಲಿ?

ಗೋಧಿ ಬಿಯರ್. ಇಲ್ಲಿನ ಬಹುತೇಕ ಎಲ್ಲ ಬಿಯರ್ ಪಟ್ಟಿಯ ಬೋರ್ಡುಗಳಲ್ಲೂ ಒಂದಾದರೂ ಇರುತ್ತದೆ. ಅದರಲ್ಲಿ ಎರಡು ಬಗೆ.

ಜರ್ಮನ್ ಬಗೆಯದ್ದು ಹೆಫೆವೈಜನ್. ಮಬ್ಬು ಹಳದಿ ಬಣ್ಣ, ಮೇಲೆ ದಪ್ಪ ನೊರೆ. ಮೂಗಿಗೆ ಹಿಡಿದರೆ ಬಾಳೆಹಣ್ಣು ಮತ್ತು ಲವಂಗದ ಘಮ ಬರುತ್ತದೆ. ಅದರಲ್ಲಿ ಬಾಳೆಹಣ್ಣೂ ಇಲ್ಲ, ಲವಂಗವೂ ಇಲ್ಲ. ಆ ಯೀಸ್ಟ್ ಹುದುಗುವಾಗ ಐಸೋಅಮೈಲ್ ಅಸಿಟೇಟ್ ಅನ್ನುವ ವಸ್ತುವನ್ನು ಮಾಡುತ್ತದೆ. ಬಾಳೆಹಣ್ಣಿನ ವಾಸನೆಗೂ ಅದೇ ಕಾರಣ. ಇದನ್ನು ಗೊತ್ತುಮಾಡಿಕೊಂಡು ಮೊದಲ ಸಲ ಮೂಸಿ ನೋಡಿದ ಎಷ್ಟೋ ಜನರಿಗೆ ಬಿಯರಿನ ಬಗ್ಗೆ ಇದ್ದ ಅಭಿಪ್ರಾಯವೇ ಬದಲಾಗಿದ್ದನ್ನು ನೋಡಿದ್ದೇನೆ.

ಬೆಲ್ಜಿಯಂ ಬಗೆಯದ್ದು ವಿಟ್‌ಬಿಯರ್. ಇದರಲ್ಲಿ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆಯನ್ನು ನಿಜವಾಗಿಯೇ ಹಾಕುತ್ತಾರೆ. ಹಗುರವಾಗಿರುತ್ತದೆ, ಕೊನೆಯಲ್ಲಿ ಚೂರು ಹುಳಿ. ಬೆಲ್ಜಿಯಂನಲ್ಲೇ ಈ ಬಗೆ ನಿಂತುಹೋಗಿತ್ತು. ಹೂಗಾರ್ಡನ್ ಊರಿನ ಪಿಯರ್ ಸೆಲಿಸ್ 1966ರಲ್ಲಿ ಮತ್ತೆ ಶುರು ಮಾಡಿದ್ದರಿಂದ ಉಳಿಯಿತು. ನಮ್ಮ ಬೇಸಿಗೆಗೆ ಇದಕ್ಕಿಂತ ಹೊಂದುವ ಬಿಯರ್ ನನಗೆ ಕಂಡಿಲ್ಲ.

ಗೋಧಿ ಇಷ್ಟವಾದರೆ ಮುಂದಕ್ಕೆ ತಿಳಿ ಬಣ್ಣದ ಕೋಲ್ಷ್ ಅಥವಾ ಬ್ಲಾಂಡ್ ಏಲ್, ಆಮೇಲೆ ಕೆಂಪು ಕಂದಿನ ಆಂಬರ್ ಏಲ್, ಆಮೇಲೆ ಕಪ್ಪು ಸ್ಟೌಟ್. ಕಹಿ ಜಾಸ್ತಿ ಇರುವ ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್, ಕೊನೆಗೆ ಇರಲಿ. ಸ್ನೇಹಿತರ ಒತ್ತಾಯಕ್ಕೆ ಮೊದಲ ದಿನವೇ ಐಪಿಎ ಕುಡಿದು, ಇದು ನಮಗಲ್ಲ ಅಂತ ಎದ್ದು ಹೋದವರು ಬೇಕಾದಷ್ಟಿದ್ದಾರೆ.

ಎಲ್ಲ ಜಾಗದಲ್ಲೂ ಸ್ಯಾಂಪ್ಲರ್ ಕೇಳಿ. ಪುಟ್ಟ ಗ್ಲಾಸುಗಳಲ್ಲಿ ನಾಲ್ಕೈದು ಬಗೆ ತಂದಿಡುತ್ತಾರೆ. ತಿಳಿ ಬಣ್ಣದಿಂದ ಶುರುಮಾಡಿ ಗಾಢ ಬಣ್ಣಕ್ಕೆ ಹೋಗಿ, ಕಹಿ ಜಾಸ್ತಿ ಇರುವುದನ್ನು ಕೊನೆಗೆ ಇಟ್ಟುಕೊಳ್ಳಿ. ಕಹಿ ಮೊದಲು ಕುಡಿದರೆ ಆಮೇಲೆ ಕುಡಿದದ್ದೆಲ್ಲ ನೀರಿನ ಹಾಗೆ ಅನ್ನಿಸುತ್ತದೆ.

ಲಾಗರ್, ಏಲ್ ಅಂತಾರಲ್ಲ, ಅದೇನು?

ಯೀಸ್ಟಿನ ವ್ಯತ್ಯಾಸ. ಏಲ್ ಯೀಸ್ಟ್ ಸುಮಾರು 15ರಿಂದ 24 ಡಿಗ್ರಿಯಲ್ಲಿ ಬೇಗ ಹುದುಗುತ್ತದೆ, ಹಣ್ಣಿನ ಘಮ ಬಿಡುತ್ತದೆ. ಲಾಗರ್ ಯೀಸ್ಟಿಗೆ 7ರಿಂದ 13 ಡಿಗ್ರಿ ಚಳಿ ಬೇಕು. ಆಮೇಲೂ ವಾರಗಟ್ಟಲೆ ತಣ್ಣಗೆ ಟ್ಯಾಂಕಿನಲ್ಲಿ ಕೂರಿಸಬೇಕು. ಆಗ ಸಿಗುವುದು ಸ್ವಚ್ಛ, ಗರಿಗರಿ ರುಚಿ. 1842ರಲ್ಲಿ ಬೊಹೀಮಿಯಾದ ಪ್ಲ್ಜೆನ್ ಊರಿನಲ್ಲಿ ಹುಟ್ಟಿದ ಪಿಲ್ಸ್ನರ್ ಇದರಲ್ಲಿ ಹೆಸರುವಾಸಿ. ನಮ್ಮ ಅಂಗಡಿಗಳಲ್ಲಿ ಸಿಗುವ ಬಾಟಲಿಗಳೆಲ್ಲ ಹೆಚ್ಚುಕಮ್ಮಿ ಲಾಗರ್‌ಗಳೇ.

ಸಣ್ಣ ಬ್ರೂವರಿಯಲ್ಲಿ ಇರುವುದು ಕೆಲವೇ ಟ್ಯಾಂಕು. ಒಂದನ್ನು ತಿಂಗಳಿಗಿಂತ ಹೆಚ್ಚು ಲಾಗರ್‌ಗೆ ಬಿಟ್ಟುಕೊಟ್ಟರೆ ಆ ಹೊತ್ತಿನಲ್ಲಿ ಎರಡು ಏಲ್ ಮಾಡಬಹುದಿತ್ತು. ಅದಕ್ಕೇ ಕ್ರಾಫ್ಟ್ ಬೋರ್ಡಿನಲ್ಲಿ ಏಲ್‌ಗಳು ಜಾಸ್ತಿ. ಎಲ್ಲಾದರೂ ಒಳ್ಳೆಯ ಪಿಲ್ಸ್ನರ್ ಕಂಡರೆ ಬಿಡಬೇಡಿ. ಅದರಲ್ಲಿ ಹಣ್ಣು, ಮಸಾಲೆ, ಹೊಗೆ ಏನೂ ಇಲ್ಲ, ತಪ್ಪು ಮಾಡಿದರೆ ಮುಚ್ಚಿಡಲು ಜಾಗವೇ ಇಲ್ಲ. ಬ್ರೂವರಿನ ಕೈ ಎಂಥದ್ದು ಅಂತ ತಿಳಿಯುವುದು ಅಲ್ಲೇ.

ಬೋರ್ಡಿನ ಮೇಲೆ ಎಬಿವಿ, ಐಬಿಯು ಅಂತ ಬರೆದಿರುತ್ತಾರೆ. ನೋಡಬೇಕಾ?

ಎಬಿವಿ ಖಂಡಿತ ನೋಡಿ. ನೂರು ಪಾಲಿನಲ್ಲಿ ಎಷ್ಟು ಪಾಲು ಆಲ್ಕೋಹಾಲ್ ಅನ್ನುವ ಲೆಕ್ಕ ಅದು. ಗೋಧಿ ಬಿಯರ್ ಸಾಮಾನ್ಯವಾಗಿ 5ರ ಆಸುಪಾಸು, ಐಪಿಎ 6, 7. ಐಬಿಯು ಕಹಿಯ ಅಳತೆ. ಗೋಧಿ ಬಿಯರಿನಲ್ಲಿ 10-15, ಐಪಿಎಯಲ್ಲಿ 40ರಿಂದ 70 ಇರಬಹುದು. ಆದರೆ ಮಾಲ್ಟಿನ ಸಿಹಿ ಜಾಸ್ತಿ ಇದ್ದರೆ 40 ಕೂಡ ಕಹಿ ಅನ್ನಿಸುವುದಿಲ್ಲ. ಹಾಗಾಗಿ ಆ ಅಂಕಿಯನ್ನು ತೀರಾ ನೆಚ್ಚಿಕೊಳ್ಳಬೇಡಿ.

ರುಚಿ ನೋಡುವುದು ಅಂದ್ರೆ ಹೇಗೆ? ನನ್ನ ನಾಲಿಗೆಗೆ ಅಷ್ಟೆಲ್ಲ ಗೊತ್ತಾಗುತ್ತಾ?

ಖಂಡಿತ ಗೊತ್ತಾಗುತ್ತದೆ. ಫಿಲ್ಟರ್ ಕಾಫಿಯ ಒಂದು ಗುಟುಕಿನಲ್ಲೇ ಚಿಕೋರಿ ಎಷ್ಟಿದೆ, ಪುಡಿ ಹಳೆಯದಾ ಹೊಸದಾ ಅಂತ ಹೇಳುವ ಜನ ನಾವು. ಆ ನಾಲಿಗೆ ಇಲ್ಲಿಗೂ ಸಾಕು. ಅಭ್ಯಾಸ ಬೇಕು ಅಷ್ಟೇ.

ಗ್ಲಾಸು ಬಂದ ತಕ್ಷಣ ಮೊದಲು ಮೂಸಿ. ಇದನ್ನು ಬಿಡಲೇಬೇಡಿ. ಘಮ ಬೇಗ ಹಾರಿಹೋಗುತ್ತದೆ. ರುಚಿ ಅಂತ ನಾವು ಹೇಳುವುದರಲ್ಲಿ ದೊಡ್ಡ ಪಾಲು ಮೂಗಿನದೇ. ನೆಗಡಿ ಆದಾಗ ಸಾರು ಸಪ್ಪೆ ಅನ್ನಿಸುತ್ತದಲ್ವಾ, ಅದೇ ಕಾರಣಕ್ಕೆ. ಚಿಕ್ಕ ಚಿಕ್ಕ ಉಸಿರಲ್ಲಿ ಎರಡು ಮೂರು ಸಲ ಮೂಸಿ, ಏನು ನೆನಪಾಗುತ್ತದೆ ನೋಡಿ. ಬ್ರೆಡ್ಡಾ, ಬಿಸ್ಕತ್ತಾ, ಬೆಲ್ಲವಾ? ಮೂಸಂಬಿ ಸಿಪ್ಪೆಯಾ? ಹುರಿದ ಕಡಲೆಯಾ? ಪುಸ್ತಕದ ಹೆಸರುಗಳೇ ಬೇಕಿಲ್ಲ. ವಿದೇಶದವರು ಲೀಚಿ, ಪ್ಯಾಶನ್ ಫ್ರೂಟ್ ಅನ್ನುವ ಕಡೆ ನಿಮಗೆ ಮಾವಿನಕಾಯಿಯ ಸೊನೆ ನೆನಪಾದರೆ ಅದೇ ಸರಿ. ನಿಮ್ಮ ಅಡುಗೆಮನೆಯ ಹೆಸರನ್ನೇ ಇಡಿ, ಮುಂದಿನ ಸಲ ಬೇಗ ಗುರುತು ಸಿಗುತ್ತದೆ.

ಆಮೇಲೆ ಒಂದು ಗುಟುಕು. ನುಂಗುವ ಮೊದಲು ಬಾಯಿ ತುಂಬ ಹರಡಲಿ. ನುಂಗಿದ ಮೇಲೆ ಮೂಗಿನಿಂದ ಉಸಿರು ಬಿಡಿ. ಹೊಸ ಘಮಗಳು ಅಲ್ಲಿ ಬರುತ್ತವೆ. ವೈನ್ ರುಚಿ ನೋಡುವವರು ಉಗುಳುತ್ತಾರೆ. ಬಿಯರಿನ ಕಹಿ ಪೂರ್ತಿ ತಿಳಿಯುವುದು ನಾಲಿಗೆಯ ಹಿಂಭಾಗ ಮತ್ತು ಗಂಟಲಿನಲ್ಲಿ, ಹಾಗಾಗಿ ನುಂಗಲೇಬೇಕು. ಕಹಿ ಎಷ್ಟು ಹೊತ್ತು ನಿಂತಿತು? ಬಾಯಿ ಒಣಗಿತಾ, ಅಂಟಿತಾ? ಇನ್ನೊಂದು ಗುಟುಕು ಬೇಕು ಅನ್ನಿಸಿತಾ? ಇಷ್ಟು ಗಮನಿಸಿದರೆ ಆಯಿತು.

ಗ್ಲಾಸಿನ ಕೊನೆಯ ಕಾಲುಭಾಗ ಉಳಿದಾಗ ಮತ್ತೊಮ್ಮೆ ಮೂಸಿ. ಅಷ್ಟು ಹೊತ್ತಿಗೆ ಬಿಯರ್ ಸ್ವಲ್ಪ ಬೆಚ್ಚಗಾಗಿರುತ್ತದೆ. ಮೊದಲು ಅಡಗಿದ್ದ ಘಮ ಈಗ ಎದ್ದು ಬರುತ್ತದೆ. ತಪ್ಪುಗಳಿದ್ದರೆ ಅವೂ ಹೊರಗೆ ಬರುತ್ತವೆ.

ನಡುನಡುವೆ ನೀರು ಕುಡಿಯಿರಿ. ಗಾಢ ಸೆಂಟ್ ಹಾಕಿಕೊಂಡು ಹೋಗಬೇಡಿ, ಪಕ್ಕದಲ್ಲಿ ಸಿಗರೇಟು ಬೇಡ.

ಬಿಯರ್ ಅಷ್ಟೊಂದು ತಣ್ಣಗೆ ಇರಲಿಲ್ಲ. ಹೇಳಬೇಕಿತ್ತಾ?

ಯಾವ ಬಿಯರ್ ಅನ್ನುವುದರ ಮೇಲೆ ಹೋಗುತ್ತದೆ. ಲಾಗರ್ 4ರಿಂದ 7 ಡಿಗ್ರಿಯಲ್ಲಿ ಚೆನ್ನ. ಏಲ್‌ಗಳಿಗೆ 7ರಿಂದ 12 ಬೇಕು. ಸ್ಟೌಟ್ ಇನ್ನೂ ಸ್ವಲ್ಪ ಬೆಚ್ಚಗಿದ್ದರೂ ಸರಿ. ಮಂಜಿನಷ್ಟು ತಣ್ಣಗಾದರೆ ನಾಲಿಗೆ ಮರಗಟ್ಟುತ್ತದೆ, ಘಮ ಏಳುವುದಿಲ್ಲ. ಫ್ರೀಜರಿನಲ್ಲಿಟ್ಟ ಗ್ಲಾಸು ತಂದರೆ ಬೇಡ ಅನ್ನಿ. ಐಸಂತೂ ಹಾಕಲೇಬೇಡಿ.

ಅರ್ಧ ಗ್ಲಾಸು ನೊರೆಯೇ ಇರುತ್ತದೆ. ಇದು ಮೋಸ ಅಲ್ವಾ?

ಅರ್ಧ ಇದ್ದರೆ ಕೇಳಿ, ತುಂಬಿಕೊಡುತ್ತಾರೆ. ಎರಡು ಬೆರಳಷ್ಟು ನೊರೆ ಇರಬೇಕಾದದ್ದೇ. ನೊರೆ ಒಡೆಯುವಾಗಲೇ ಘಮ ಮೇಲೆ ಬರುತ್ತದೆ. ನೊರೆ ನೋಡಿ ಗ್ಲಾಸಿನ ಸ್ವಚ್ಛತೆಯನ್ನೂ ಹೇಳಬಹುದು. ಎಣ್ಣೆ, ಸೋಪಿನ ಪಸೆ ಉಳಿದಿದ್ದರೆ ನೊರೆ ಬೇಗ ಇಳಿಯುತ್ತದೆ, ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಸಾಲಾಗಿ ಅಂಟಿಕೊಳ್ಳುತ್ತವೆ. ಚೊಕ್ಕ ಗ್ಲಾಸಾದರೆ ನೀವು ಕುಡಿಯುತ್ತಾ ಹೋದ ಹಾಗೆ ನೊರೆ ಬಳೆಬಳೆಯಾಗಿ ಗೋಡೆಯ ಮೇಲೆ ಉಳಿಯುತ್ತದೆ.

ಐಪಿಎಯಲ್ಲಿ ಇಂಡಿಯಾ ಯಾಕೆ ಇದೆ?

ಇಂಗ್ಲೆಂಡಿನಿಂದ ಹಡಗಿನಲ್ಲಿ ಇಲ್ಲಿಗೆ ಬರುತ್ತಿದ್ದ ಬಿಯರ್ ಅದು. ಹದಿನೆಂಟನೇ ಶತಮಾನದ ಕೊನೆಗೆ ಲಂಡನ್ನಿನ ಬೋ ಪ್ರದೇಶದ ಹಾಡ್ಜ್‌ಸನ್ ಬ್ರೂವರಿ ಈ ವ್ಯಾಪಾರದಲ್ಲಿ ಮುಂದಿತ್ತು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುತ್ತಿದ್ದ ಧಕ್ಕೆ ಅದಕ್ಕೆ ಹತ್ತಿರ. ಕಪ್ತಾನರಿಗೆ ತಿಂಗಳುಗಟ್ಟಲೆ ಸಾಲವನ್ನೂ ಕೊಡುತ್ತಿತ್ತು. ಪೀಪಾಯಿಗಳು ಆಫ್ರಿಕಾ ಸುತ್ತಿಕೊಂಡು ಬೊಂಬಾಯಿ, ಮದ್ರಾಸು, ಕಲ್ಕತ್ತಾ ಬಂದರುಗಳಿಗೆ ಬರಲು ತಿಂಗಳುಗಳೇ ಬೇಕಿದ್ದವು. 1820ರ ದಶಕದಲ್ಲಿ ಬರ್ಟನ್ ಊರಿನ ಆಲ್ಸಪ್ ಮೊದಲಾದವರು ಈ ವ್ಯಾಪಾರಕ್ಕೆ ಇಳಿದರು. ಅಲ್ಲಿನ ಜಿಪ್ಸಂ ತುಂಬಿದ ಗಡಸು ನೀರಿಗೆ ಹಾಪ್ಸಿನ ಕಹಿ ಚೆನ್ನಾಗಿ ಹೊಂದಿತು.

ಭಾರತಕ್ಕೆ ಬರುವಾಗ ಕೆಡಬಾರದು ಅಂತಲೇ ಒಬ್ಬರು ಇದನ್ನು ಹೊಸದಾಗಿ ಕಂಡುಹಿಡಿದರು ಅನ್ನುವ ಕಥೆ ತುಂಬಾ ಕಡೆ ಸಿಗುತ್ತದೆ. ಅದು ನಿಜವಲ್ಲ. ಹಾಪ್ಸ್ ಜಾಸ್ತಿ ಹಾಕಿದರೆ ಬಿಯರ್ ಬಾಳುತ್ತದೆ ಅನ್ನುವುದು ಅವರಿಗೆ ಮೊದಲೇ ಗೊತ್ತಿತ್ತು, ತಿಳಿ ಬಣ್ಣದ ಏಲ್ ಕೂಡ ಮೊದಲೇ ಇತ್ತು. ಪೋರ್ಟರ್ ಅನ್ನುವ ಕಪ್ಪು ಬಿಯರ್ ಕೂಡ ಸೈನಿಕರಿಗಾಗಿ ಇದೇ ದಾರಿಯಲ್ಲಿ ಬರುತ್ತಿತ್ತು, ಚೆನ್ನಾಗಿಯೇ ತಲುಪುತ್ತಿತ್ತು. ಇವತ್ತು ನಮ್ಮ ಬೋರ್ಡುಗಳಲ್ಲಿರುವ ಐಪಿಎ ಹೆಚ್ಚಾಗಿ ಅಮೆರಿಕದ ಬಗೆಯದ್ದು. ಆ ಹಾಪ್ಸಿನಿಂದ ಬರುವ ಚಕ್ಕೋತ, ಮಾವು, ಪೈನ್ ಮರದ ಘಮ ಹಳೆಯ ಇಂಗ್ಲಿಷ್ ಏಲ್‌ನಲ್ಲಿ ಇರಲಿಲ್ಲ. ಹಾಪ್ಸಿನ ಘಮ ಬೇಗ ಮಾಸುತ್ತದೆ. ಹಾಗಾಗಿ ಐಪಿಎ ಎಷ್ಟು ಹೊಸದೋ ಅಷ್ಟು ಒಳ್ಳೆಯದು.

ಕಪ್ಪು ಬಿಯರ್ ಅಂದ್ರೆ ಸ್ಟ್ರಾಂಗ್ ತಾನೇ?

ಅಲ್ಲ. ಬಣ್ಣ ಬರುವುದು ಮಾಲ್ಟನ್ನು ಎಷ್ಟು ಹುರಿದಿದ್ದಾರೆ ಅನ್ನುವುದರಿಂದ. ಆಲ್ಕೋಹಾಲಿಗೂ ಅದಕ್ಕೂ ಸಂಬಂಧ ಇಲ್ಲ. ಹೆಸರಾಂತ ಗಿನ್ನಿಸ್ ಡ್ರಾಟ್ ಸ್ಟೌಟಿನಲ್ಲಿ ಇರುವುದು ಸುಮಾರು 4.2 ಪರ್ಸೆಂಟ್ ಮಾತ್ರ. ನಮ್ಮ ಅಂಗಡಿಯ ತಿಳಿ ಹಳದಿ ಸ್ಟ್ರಾಂಗ್ ಬಿಯರಿನಲ್ಲಿ 8ರವರೆಗೂ ಇರುತ್ತದೆ. ಕಾಫಿ ಇಷ್ಟಪಡುವವರಿಗೆ ಸ್ಟೌಟ್ ಬೇಗ ಒಗ್ಗುತ್ತದೆ. ನೈಟ್ರೋ ಅಂತ ಬರೆದಿದ್ದರೆ ಅದರಲ್ಲಿ ನೈಟ್ರೋಜನ್ ಗುಳ್ಳೆಗಳಿರುತ್ತವೆ, ಬಾಯಿಗೆ ಕೆನೆಯ ಹಾಗೆ ನಯವಾಗಿರುತ್ತದೆ.

ಇಷ್ಟು ದುಡ್ಡು ಕೊಟ್ಟರೂ ಕಿಕ್ ಬರಲ್ಲ ಅಂತಾರೆ?

ಈ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರ ಕೊಡುತ್ತೇನೆ. 650 ಮಿಲಿಯ 8 ಪರ್ಸೆಂಟ್ ಸ್ಟ್ರಾಂಗ್ ಬಾಟಲಿಯಲ್ಲಿ 52 ಮಿಲಿ ಶುದ್ಧ ಆಲ್ಕೋಹಾಲ್ ಇರುತ್ತದೆ. ನಮ್ಮ ದೇಶದ ವಿಸ್ಕಿ 42.8 ಪರ್ಸೆಂಟ್. ಅದರ 30 ಮಿಲಿ ಪೆಗ್ಗಿನಲ್ಲಿ ಇರುವುದು ಹೆಚ್ಚುಕಮ್ಮಿ 13 ಮಿಲಿ. ಅಂದರೆ ಆ ಒಂದು ಬಾಟಲಿ ನಾಲ್ಕು ಪೆಗ್ಗಿಗೆ ಸಮ. ಬರೀ ಬಿಯರ್ ಅಂತ ಎರಡು ಬಾಟಲಿ ಕುಡಿದವರು ಎಂಟು ಪೆಗ್ ಕುಡಿದಿರುತ್ತಾರೆ. 330 ಮಿಲಿಯ 5 ಪರ್ಸೆಂಟ್ ಗೋಧಿ ಬಿಯರಿನಲ್ಲಿ ಇರುವುದು ಸುಮಾರು 16 ಮಿಲಿ.

ಅಮಲಿಗಾಗಿ ಕುಡಿಯುವುದಾದರೆ ಕ್ರಾಫ್ಟ್ ಬಿಯರಿಗೆ ದುಡ್ಡು ಹಾಕಬೇಡಿ, ಬೇಸರವಾಗುತ್ತದೆ. ಒಂದು ಗ್ಲಾಸನ್ನು ಮುಕ್ಕಾಲು ಗಂಟೆ ಇಟ್ಟುಕೊಂಡು ಕುಡಿಯುವವರಿಗೆ ಇದು. ಎರಡನೆಯದು ಮುಗಿಯುವ ಹೊತ್ತಿಗೆ ನಾಲಿಗೆಯೂ ದಣಿಯುತ್ತದೆ. ಮೂರನೆಯದರಲ್ಲಿ ಏನಿತ್ತು ಅಂತ ಯಾರಿಗೂ ಸರಿಯಾಗಿ ಹೇಳಲು ಬರುವುದಿಲ್ಲ.

ಆರೋಗ್ಯದ ವಿಷಯದಲ್ಲಿ ಕ್ರಾಫ್ಟ್ ಅನ್ನುವ ಕಾರಣಕ್ಕೆ ಯಾವ ರಿಯಾಯಿತಿಯೂ ಇಲ್ಲ. ಆಲ್ಕೋಹಾಲಿಗೆ ಸುರಕ್ಷಿತ ಮಿತಿ ಅಂತ ಒಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಗರ್ಭಿಣಿಯರು ಮುಟ್ಟಬಾರದು. ಔಷಧಿ ತಗೊಳ್ಳುತ್ತಿದ್ದರೆ, ಲಿವರ್ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿ.

ಬಿಯರಿಗೆ ಗ್ಲಿಸರಿನ್ ಹಾಕುತ್ತಾರಂತೆ. ನಿಜಾನಾ?

ಬಾಟಲಿಯನ್ನು ನೀರಿನಲ್ಲಿ ತಲೆಕೆಳಗೆ ಹಿಡಿದು ಗ್ಲಿಸರಿನ್ ತೆಗೆಯುವುದನ್ನು ನೀವೂ ನೋಡಿರಬಹುದು. ಬಾಟಲಿಯಿಂದ ಇಳಿಯುವುದು ನೀರಿಗಿಂತ ಭಾರವಾದ ಬಿಯರೇ. ಹುದುಗುವಾಗ ಯೀಸ್ಟ್ ತಾನಾಗಿಯೇ ಚೂರು ಗ್ಲಿಸರಿನ್ ಮಾಡುತ್ತದೆ, ಅದು ಬಿಯರಿನಲ್ಲಿ ಪೂರ್ತಿ ಬೆರೆತಿರುತ್ತದೆ. ತಲೆಕೆಳಗೆ ಮಾಡಿದರೆ ಬೇರೆಯಾಗುವುದಿಲ್ಲ. ಬಿಯರ್ ಹಾಳಾಗುತ್ತದೆ ಅಷ್ಟೇ.

ನಾವು ಸಸ್ಯಾಹಾರಿಗಳು. ಬಿಯರ್ ಕುಡಿಯಬಹುದಾ?

ಕೇಳಬೇಕಾದ ಪ್ರಶ್ನೆ ಇದು. ಸಾಮಾನುಗಳೆಲ್ಲ ಸಸ್ಯಮೂಲದವೇ. ಆದರೆ ಬಿಯರನ್ನು ತಿಳಿಯಾಗಿಸಲು ಐಸಿಂಗ್ಲಾಸ್ ಅನ್ನುವ ವಸ್ತು ಬಳಸುವ ಪದ್ಧತಿ ಇಂಗ್ಲೆಂಡಿನಲ್ಲಿ ಹಿಂದಿನಿಂದ ಇದೆ. ಅದನ್ನು ಮೀನಿನ ಗಾಳಿಚೀಲದಿಂದ ಮಾಡುತ್ತಾರೆ. ಮಬ್ಬಾಗಿಯೇ ಕೊಡುವ ಗೋಧಿ ಬಿಯರಿಗೆ ಅದರ ಅಗತ್ಯ ಇಲ್ಲ. ಮಿಲ್ಕ್ ಸ್ಟೌಟಿನಲ್ಲಿ ಹಾಲಿನ ಸಕ್ಕರೆ ಇರುತ್ತದೆ. ಸಂಶಯ ಇದ್ದರೆ ಬ್ರೂವರನ್ನೇ ಕೇಳಿ.

ಗ್ಲುಟನ್ (ಬಾರ್ಲಿ, ಗೋಧಿಯಲ್ಲಿರುವ ಪ್ರೋಟೀನ್) ಆಗದವರಿಗೆ ಬಾರ್ಲಿ, ಗೋಧಿ ಎರಡೂ ನಿಷಿದ್ಧ. ಅವರು ಸೇಬಿನ ಸೈಡರ್ ಅಥವಾ ಜೇನಿನ ಮೀಡ್ ನೋಡಬಹುದು. ಮೀಡ್ ಮಾಡುವ ಮೂನ್‌ಶೈನ್ ಮೀಡರಿ ಪುಣೆಯದೇ.

ಜೊತೆಗೆ ಏನು ತಿನ್ನುವುದು?

ಮೆನುವಿನಲ್ಲಿ ಪಿಜ್ಜಾ, ಬರ್ಗರ್, ನಾಚೋಸ್ ಇರುತ್ತವೆ. ಅವೂ ಸರಿಯೇ. ಆದರೆ ನಮ್ಮ ಊಟಕ್ಕೆ ಬಿಯರ್ ಎಷ್ಟು ಚೆನ್ನಾಗಿ ಹೊಂದುತ್ತದೆ ಅನ್ನುವುದನ್ನು ನಾವೇ ಇನ್ನೂ ಪೂರ್ತಿ ನೋಡಿಲ್ಲ.

ಕರಿದದ್ದಕ್ಕೆ ಗ್ಯಾಸ್ ಜಾಸ್ತಿ ಇರುವ ಹಗುರ ಬಿಯರ್ ಬೇಕು. ಅದು ನಾಲಿಗೆಯ ಮೇಲಿನ ಎಣ್ಣೆಯನ್ನು ತೊಳೆಯುತ್ತದೆ. ಮಿರ್ಚಿ ಭಜಿ, ಗೋಳಿಬಜೆ, ಕಾಂದಾ ಭಜಿಗೆ ಪಿಲ್ಸ್ನರ್ ಅಥವಾ ಕೋಲ್ಷ್. ರವಾ ಹಚ್ಚಿ ಕರಿದ ಕಾಣೆ, ಬಂಗುಡೆಗೆ ವಿಟ್‌ಬಿಯರ್. ಮೀನಿನ ಮೇಲೆ ನಿಂಬೆ ಹಿಂಡುವ ಕೆಲಸವನ್ನು ಅದರ ಕಿತ್ತಳೆ ಸಿಪ್ಪೆ ಮಾಡುತ್ತದೆ.

ಖಾರದ ವಿಷಯದಲ್ಲಿ ಜೋಪಾನ. ಕಹಿ ಮತ್ತು ಆಲ್ಕೋಹಾಲ್ ಎರಡೂ ಖಾರವನ್ನು ಏರಿಸುತ್ತವೆ. ಮಿಸಳ್ ತಿಂದು ಐಪಿಎ ಕುಡಿದರೆ ಬಾಯಿ ಉರಿಯುತ್ತದೆ, ಎರಡರ ರುಚಿಯೂ ಸಿಗುವುದಿಲ್ಲ. ಖಾರಕ್ಕೆ ಮಾಲ್ಟಿನ ಸಿಹಿ ಬೇಕು. ಕೋರಿ ಸುಕ್ಕ, ಕೊಲ್ಹಾಪುರದ ಖಾರದ ಕೆಂಪು ಸಾರು ತಾಂಬಡಾ ರಸ್ಸಾ ಇದ್ದರೆ ಆಂಬರ್ ಏಲ್ ತಗೊಳ್ಳಿ. ಹುರಿದ ಮಸಾಲೆ ಮತ್ತು ಹುರಿದ ಮಾಲ್ಟ್ ಒಂದಕ್ಕೊಂದು ಸೇರುತ್ತವೆ. ಪುಣೆಯ ಬಾಕರವಡಿಯ ಸಿಹಿ-ಖಾರಕ್ಕೂ ಆಂಬರ್ ಒಗ್ಗುತ್ತದೆ.

ಇನ್ನು ನನಗೆ ತುಂಬಾ ಪ್ರಿಯವಾದದ್ದು ಸ್ಟೌಟ್ ಮತ್ತು ಧಾರವಾಡ ಪೇಡ. ಪೇಡದ ಹಾಲು ಕಂದಾಗುವವರೆಗೆ ಕಾದಿರುತ್ತದೆ, ಸ್ಟೌಟಿನ ಮಾಲ್ಟ್ ಕಪ್ಪಾಗುವವರೆಗೆ ಹುರಿದಿರುತ್ತದೆ. ಒಂದರ ಸಿಹಿಯನ್ನು ಇನ್ನೊಂದರ ಕಹಿ ಹಿಡಿದು ನಿಲ್ಲಿಸುತ್ತದೆ. ಬೆಳಗಾವಿ ಕುಂದಾ ಕೂಡ ಆಗುತ್ತದೆ. ಹೊರಗಿನ ತಿಂಡಿ ಬಿಡುವುದಿಲ್ಲವಾದ್ದರಿಂದ ಇದನ್ನು ಕ್ಯಾನ್ ತಂದು ಮನೆಯಲ್ಲೇ ಮಾಡಬೇಕು.

ಬಿಯರ್ ಕೆಟ್ಟಿದೆ ಅಂತ ಹೇಗೆ ತಿಳಿಯುವುದು?

ಇಷ್ಟವಾಗದ ಬಿಯರ್ ಬೇರೆ, ಕೆಟ್ಟ ಬಿಯರ್ ಬೇರೆ. ಕೆಲವು ವಾಸನೆಗಳನ್ನು ನೆನಪಿಟ್ಟುಕೊಳ್ಳಿ. ಕರಗಿದ ಬೆಣ್ಣೆ ಅಥವಾ ಪಾಪ್‌ಕಾರ್ನ್ ವಾಸನೆ ಬಂದರೆ ಅದು ಡೈಅಸಿಟೈಲ್ ಅನ್ನುವ ವಸ್ತು, ಹುದುಗುವ ಕೆಲಸ ಪೂರ್ತಿ ಆಗಿಲ್ಲ ಅಥವಾ ಪೈಪು ಕೊಳಕಾಗಿದೆ. ಹಸಿರು ಸೇಬಿನ ವಾಸನೆ ಬಂದರೆ ಬಿಯರ್ ಇನ್ನೂ ಎಳಸು. ಬೇಯಿಸಿದ ಮೆಕ್ಕೆಜೋಳದ ವಾಸನೆ ಬಂದರೆ ಕುದಿಸುವುದರಲ್ಲಿ ಕೊರತೆ. ಒದ್ದೆ ರಟ್ಟಿನ ವಾಸನೆ ಬಂದರೆ ಹಳೆಯದಾಗಿದೆ. ಹಸಿರು ಅಥವಾ ಬಿಳಿ ಬಾಟಲಿ ಬಿಸಿಲಿಗೆ ಬಿದ್ದರೆ ಬೆಳಕು ಹಾಪ್ಸಿನ ಮೇಲೆ ಕೆಲಸ ಮಾಡಿ ನಾತ ಹುಟ್ಟಿಸುತ್ತದೆ. ಕಂದು ಬಾಟಲಿ, ಕ್ಯಾನ್ ಉತ್ತಮ ಅನ್ನುವುದು ಇದಕ್ಕೇ.

ಹುಳಿ ಯಾವಾಗಲೂ ತಪ್ಪಲ್ಲ. ಸೌರ್ (sour) ಅಂತ ಬೋರ್ಡಿನಲ್ಲಿ ಇದ್ದರೆ ಬೇಕೆಂದೇ ಹುಳಿ ಬರಿಸಿದ್ದಾರೆ, ಮೊಸರು ಮಾಡುವ ಜಾತಿಯ ಬ್ಯಾಕ್ಟೀರಿಯಾ ಬಳಸಿ. ಗೋಧಿ ಬಿಯರ್ ಕೇಳಿದಾಗ ವಿನೆಗರ್ ರುಚಿ ಬಂದರೆ ಮಾತ್ರ ವಾಪಸ್ ಕೊಡಿ. ಜಗಳ ಬೇಡ, ಒಮ್ಮೆ ಮೂಸಿ ನೋಡಿ ಅಂತ ಮೆಲ್ಲಗೆ ಹೇಳಿದರೆ ಸಾಕು.

ಮನೆಗೆ ತರಬಹುದಾ? ಗೋವಾದಿಂದ?

ಕ್ಯಾನು, ಬಾಟಲಿಗಳು ವೈನ್ ಶಾಪಿನಲ್ಲಿ ಸಿಗುತ್ತವೆ. ಕ್ಯಾನಿನ ತಳದಲ್ಲಿ ತಯಾರಾದ ದಿನ ನೋಡಿ. ಬಿಸಿಲು ಬೀಳುವ ಕಪಾಟಿನಲ್ಲಿಟ್ಟದ್ದನ್ನು ಬಿಟ್ಟು ಫ್ರಿಜ್ಜಿನಲ್ಲಿರುವುದನ್ನೇ ಕೇಳಿ. 2020ರ ಲಾಕ್‌ಡೌನ್ ಸಮಯದಲ್ಲಿ ಮಹಾರಾಷ್ಟ್ರ ಸರ್ಕಾರ ಗ್ರೌಲರ್ ಅನ್ನುವ ದೊಡ್ಡ ಬಾಟಲಿಯಲ್ಲಿ ತಾಜಾ ಬಿಯರ್ ತುಂಬಿಕೊಡಲು ಅವಕಾಶ ಕೊಟ್ಟಿತ್ತು. ಗ್ರೌಲರ್ ಸಿಕ್ಕರೆ ತಣ್ಣಗಿಡಿ. ತೆರೆದ ದಿನವೇ ಮುಗಿಸಿ.

ಗೋವಾದಲ್ಲಿ ತೆರಿಗೆ ಕಡಿಮೆ. ಗೋವಾ ಬ್ರೂವಿಂಗ್ ಕಂಪನಿ, ಸುಸೆಗಾದೊ ಅಂತ ಅಲ್ಲಿಯದೇ ಹೆಸರುಗಳಿವೆ. ಬೆಂಗಳೂರಿನಲ್ಲಿ ಶುರುವಾದ ಆರ್ಬರ್ ಕೂಡ ಗೋವಾದಲ್ಲಿ ಬ್ರೂವರಿ ಮಾಡಿ ಕ್ಯಾನು ತಂದಿತು. ಅಲ್ಲಿ ಹೋದಾಗ ಅಲ್ಲೇ ಕುಡಿಯಿರಿ. ಪರ್ಮಿಟ್ ಇಲ್ಲದೆ ರಾಜ್ಯದ ಗಡಿ ದಾಟಿಸಿದರೆ ಅಪರಾಧ, ಬಸ್ಸು ಕಾರುಗಳನ್ನು ತಪಾಸಣೆ ಮಾಡುತ್ತಾರೆ.

ಕಾನೂನು ಏನು ಹೇಳುತ್ತದೆ?

ಮಹಾರಾಷ್ಟ್ರದಲ್ಲಿ ಬಿಯರಿಗೆ 21 ವರ್ಷ ಆಗಿರಬೇಕು, ವಿಸ್ಕಿ, ರಮ್ಮಿಗೆ 25. ಗೋವಾದಲ್ಲಿ 18. 1949ರ ಪಾನನಿಷೇಧ ಕಾಯ್ದೆ ಇಲ್ಲಿ ಇನ್ನೂ ಜಾರಿಯಲ್ಲಿದೆ, ಅದರ ಪ್ರಕಾರ ಕುಡಿಯಲು ಪರ್ಮಿಟ್ ಬೇಕು. ಮುಂಬೈ, ಪುಣೆಯಲ್ಲಿ ನಮ್ಮ ಶೆಟ್ಟರ ಬಾರುಗಳ ಫಲಕದಲ್ಲಿ ಪರ್ಮಿಟ್ ರೂಮ್ ಅಂತ ಇರುವುದು ಆ ಕಾಯ್ದೆಯಿಂದಲೇ. ಒಂದು ದಿನದ, ಒಂದು ವರ್ಷದ, ಜೀವನಪೂರ್ತಿಯ ಪರ್ಮಿಟ್‌ಗಳಿವೆ. ಆಷಾಢಿ ಏಕಾದಶಿ, ಗಣೇಶ ವಿಸರ್ಜನೆ, ಗಾಂಧಿ ಜಯಂತಿಯಂಥ ದಿನಗಳು ಡ್ರೈ ಡೇ ಆಗಿರುತ್ತವೆ, ಹೋಗುವ ಮೊದಲು ಫೋನ್ ಮಾಡಿ ಕೇಳಿ.

ಗಾಡಿ ತರಬೇಡಿ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಆಗಬಹುದು. ಒಂದೇ ಗ್ಲಾಸು ಅನ್ನುವ ಲೆಕ್ಕಾಚಾರ ಬೇಡ. ರಿಕ್ಷಾ, ಮೆಟ್ರೋ, ಕ್ಯಾಬ್ ಇವೆ.

ಮೊದಲ ಸಲ ಹೋದಾಗ ಅಲ್ಲಿಯವರನ್ನು ಏನು ಕೇಳಲಿ?

ಯಾವುದು ಚೆನ್ನಾಗಿದೆ ಅಂತ ಕೇಳಬೇಡಿ. ಜಾಸ್ತಿ ಹೋಗುವುದನ್ನೇ ಹೇಳುತ್ತಾರೆ. ಈ ವಾರ ಹೊಸದಾಗಿ ಟ್ಯಾಂಕಿಗೆ ಬಂದದ್ದು ಯಾವುದು ಅಂತ ಕೇಳಿ. ಈ ಋತುವಿನಲ್ಲಿ ಮಾತ್ರ ಮಾಡುವುದು ಏನಿದೆ ಅಂತ ಕೇಳಿ. ಮಾವಿನ ಕಾಲದಲ್ಲಿ ಹಾಪುಸ್ (ಆಲ್ಫಾನ್ಸೊ) ಮಾವು ಹಾಕಿದ್ದು ಸಿಗಬಹುದು, ಇನ್ಯಾವಾಗಲೋ ಕೋಕಂ ಹಾಕಿದ್ದು. ವಾರದ ಮಧ್ಯೆ, ಸಂಜೆ ಬೇಗ ಹೋದರೆ ಬ್ರೂವರ್ ಅಲ್ಲೇ ಇರುವ ಸಾಧ್ಯತೆ ಜಾಸ್ತಿ. ಬಹುತೇಕ ಜಾಗಗಳಲ್ಲಿ ಆ ಹೊತ್ತಿಗೆ ಹ್ಯಾಪಿ ಅವರ್ ಕೂಡ ಇರುತ್ತದೆ, ಬಿಲ್ಲೂ ಹಗುರ. ಟ್ಯಾಂಕು ನೋಡಬಹುದಾ ಅಂತ ಕೇಳಿ. ತಮ್ಮ ಕೆಲಸದ ಮೇಲೆ ಪ್ರೀತಿ ಇರುವ ಬ್ರೂವರ್‌ಗಳು ಕೈಗೆ ನಾಲ್ಕು ಕಾಳು ಮಾಲ್ಟ್ ಕೊಟ್ಟು ಅಗಿಯಲು ಹೇಳುತ್ತಾರೆ. ಅಗಿದು ನೋಡಿ, ಆಮೇಲೆ ಅದೇ ಮಾಲ್ಟಿನ ಬಿಯರ್ ಆರ್ಡರ್ ಮಾಡಿ.